ಕಮೋಲಿ ಕಡಲಿನಲ್ಲೊಂದು ತೆಂಗಿನ ನಾರಿನ ಬಲೆ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಈಗ ಪರವಾಗಿಲ್ವಾ? ತೋಟಕ್ಕೆ ನೀರು ಸಾಕಾಗುತ್ತಿದೆಯಾ? ಹೋದ ಸಲ ಫೋನ್ ಮಾಡಿದಾಗ ಮಾತು ಅರ್ಧಕ್ಕೇ ನಿಂತಿತ್ತು. ಆವತ್ತಿನಿಂದ ನಿನಗೆ ಉದ್ದಕ್ಕೆ ಬರೆಯಬೇಕು ಅಂತಿದ್ದೆ. ಈಗ ಬರೆಯೋದಕ್ಕೆ ಒಂದು ಕಾರಣವೂ ಸಿಕ್ಕಿದೆ.

ಜೂನ್ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ನಾನು, ಇವಳು ಸಮುದ್ರದ ಕಡೆ ಹೋಗಿದ್ದೆವು. ಮಿಲಾನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ ದಾರಿ, ಜಿನೋವಾ ಊರು ಬರುತ್ತೆ. ಇಟಲಿಯ ನಕ್ಷೆ ತೆಗೆದು ನೋಡು. ಕಾಲಿನ ಆಕಾರದ ಆ ದೇಶದ ತೊಡೆಯ ಹತ್ತಿರ, ಎಡಗಡೆಗೆ, ಬಿಲ್ಲಿನ ಹಾಗೆ ಬಾಗಿರುವ ಕರಾವಳಿ ಇದೆಯಲ್ಲ, ಅದೇ ಲಿಗೂರಿಯ. ಮೆಡಿಟರೇನಿಯನ್ ಸಮುದ್ರ ಅಲ್ಲಿ ಬೆಟ್ಟದ ಬುಡಕ್ಕೇ ಬಂದು ತಾಕುತ್ತದೆ. ನಡುವೆ ಬಯಲು ಅನ್ನೋದೇ ಇಲ್ಲ. ನಮ್ಮ ಕಡೆಯ ಹಾಗೆ ಕಣ್ಣು ಹಾಯಿಸಿದಷ್ಟು ದೂರ ಹೊಲ, ತೋಟ ಕಾಣೋದಿಲ್ಲ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೆಟ್ಟಿಲಿಗೊಂದು ಕಲ್ಲಿನ ತಡೆಗೋಡೆ ಕಟ್ಟಿ, ಅದರ ಮೇಲೆ ಬುಟ್ಟಿಯಲ್ಲಿ ಹೊತ್ತು ತಂದ ಹಾಗಿರೋ ಒಂದಿಷ್ಟು ಮಣ್ಣಿನಲ್ಲಿ ಆಲಿವ್, ನಿಂಬೆ, ದ್ರಾಕ್ಷಿ ಬೆಳೆದಿದ್ದಾರೆ. ಆ ಗೋಡೆಗಳಿಗೆ ಗಾರೆ ಇಲ್ಲ, ಮಣ್ಣೂ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿ ನಿಲ್ಲಿಸಿದ್ದು. ಇಂಥ ಗೋಡೆ ಕಟ್ಟುವ ಕಸುಬನ್ನು 2018ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ.

ಮಣ್ಣು ಕಮ್ಮಿ ಇರೋ ಈ ಊರಿನವರು ಏನು ತಿಂದು ಬದುಕಿದರು ಅನ್ನೋದೇ ನನಗೆ ಆ ಎರಡು ದಿನವೂ ತಲೆಯಲ್ಲಿ ತಿರುಗುತ್ತಿದ್ದ ವಿಷಯ. ಅದಕ್ಕೇ ನೋಡಿದ ಜಾಗಕ್ಕಿಂತ ತಿಂದ ತಿಂಡಿಯ ಮಾತೇ ಈ ಕಾಗದದಲ್ಲಿ ಜಾಸ್ತಿ ಬರಬಹುದು.

ಮೊದಲ ದಿನ ಜಿನೋವಾ ಮುಟ್ಟುವಾಗ ಸಂಜೆಯಾಗಿತ್ತು. ಹಳೇ ಪೇಟೆಯ ಓಣಿಗಳು ಎಷ್ಟು ಇಕ್ಕಟ್ಟು ಅಂದರೆ, ಎರಡೂ ಕೈ ಚಾಚಿದರೆ ಕೆಲವು ಕಡೆ ಎರಡೂ ಬದಿಯ ಗೋಡೆ ಸಿಗುತ್ತವೆ. ಅಂಥ ಒಂದು ಓಣಿಯಲ್ಲಿ ಸೌದೆ ಒಲೆಯ ಅಂಗಡಿ. ಒಳಗೆ ಎತ್ತಿನಗಾಡಿ ಚಕ್ರದಂಥ ದೊಡ್ಡ ತಾಮ್ರದ ತಟ್ಟೆ, ಒಳಮೈಗೆ ಕಲಾಯಿ. ನಮ್ಮೂರಲ್ಲಿ ಕಲಾಯಿಯವನು ಬಂದು ಬೀದಿಯಲ್ಲಿ ತಿದಿ ಊದುತ್ತಿದ್ದದ್ದು ನೆನಪಿದೆಯಾ? ಅದೇ ಬೆಳ್ಳಗಿನ ಹೊಳಪು. ಆ ತಟ್ಟೆಗೆ ಧಾರಾಳವಾಗಿ ಆಲಿವ್ ಎಣ್ಣೆ ಸುರಿದು, ನೀರಾಗಿ ಕಲಸಿದ ಹಿಟ್ಟು ಹುಯ್ದು, ಮರದ ಸೌಟಿನಿಂದ ಒಮ್ಮೆ ತಿರುವಿ ಒಲೆಯೊಳಗೆ ತಳ್ಳಿದರು. ಹಿಟ್ಟು ಯಾವುದು ಗೊತ್ತಾ? ಕಡಲೆಹಿಟ್ಟು! ಕಡಲೆಹಿಟ್ಟು, ನೀರು, ಉಪ್ಪು, ಎಣ್ಣೆ. ಇಷ್ಟೇ. ಹಿಟ್ಟನ್ನು ಕೆಲವು ಗಂಟೆ ನೆನೆಯಲು ಬಿಟ್ಟು, ಮೇಲೆ ಕಟ್ಟಿದ ನೊರೆ ತೆಗೆದು ಹುಯ್ಯುತ್ತಾರೆ. ಹೆಸರು ಫರಿನಾತಾ. ದೋಸೆಗಿಂತ ಸ್ವಲ್ಪ ದಪ್ಪ, ಮೇಲೆ ಗರಿಗರಿ, ಒಳಗೆ ಮೆತ್ತಗೆ. ತುಂಡು ಮಾಡಿ, ಕಾಳುಮೆಣಸಿನ ಪುಡಿ ಉದುರಿಸಿ, ಕಾಗದದಲ್ಲಿಟ್ಟು ಕೊಟ್ಟರು. ಬಾಯಿಗಿಟ್ಟ ತಕ್ಷಣ ಇವಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಇಬ್ಬರಿಗೂ ಮನೆಯ ನೆನಪಾಗಿತ್ತು.

ಇದರ ಹಿಂದೆ ಒಂದು ಕಥೆ ಇದೆ. 1284ರಲ್ಲಿ ಜಿನೋವಾದವರು ಪೀಸಾದವರನ್ನು ಮೆಲೋರಿಯಾ ಅನ್ನೋ ಕಡೆ ನಡೆದ ಸಮುದ್ರ ಯುದ್ಧದಲ್ಲಿ ಸೋಲಿಸಿದರು. ಅದು ಇತಿಹಾಸ. ಕಥೆ ಮುಂದಿನದು. ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿ ಹಡಗಿನಲ್ಲಿದ್ದ ಕಡಲೆಹಿಟ್ಟು, ಎಣ್ಣೆಯ ಪೀಪಾಯಿ ಎಲ್ಲ ಉರುಳಿ ಉಪ್ಪುನೀರಿನ ಜೊತೆ ಕಲಸಿಹೋಯಿತಂತೆ. ಹಸಿದಿದ್ದ ನಾವಿಕರು ಅದನ್ನೇ ಬಿಸಿಲಿಗೆ ಒಣಗಿಸಿ ತಿಂದರಂತೆ. ನಿಜವೋ ಸುಳ್ಳೋ, ಅಂಗಡಿಯವರು ಹೇಳುವಾಗ ಮಾತ್ರ ಹೋದ ವಾರ ನಡೆದದ್ದು ಅನ್ನೋ ಹಾಗೆ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಏಳೂವರೆಗೇ ಎದ್ದು ಹೊರಟೆವು. ತಿಂಡಿಗೆ ಫೊಕಾಚಾ. ಅದೊಂದು ಚಪ್ಪಟೆ ಬ್ರೆಡ್ ಅಂದುಕೋ. ಹಿಟ್ಟನ್ನು ಹರಡಿ, ಬೆರಳತುದಿಯಿಂದ ಒತ್ತಿ ಒತ್ತಿ ಗುಳಿ ಮಾಡಿ, ಆ ಗುಳಿಗಳಲ್ಲಿ ಎಣ್ಣೆ, ಉಪ್ಪುನೀರು ನಿಲ್ಲುವ ಹಾಗೆ ಸುರಿದು ಬೇಯಿಸುತ್ತಾರೆ. ಜಿನೋವಾದ ಜನ ಅದನ್ನು ಕ್ಯಾಪುಚಿನೊ ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಉಪ್ಪು, ಎಣ್ಣೆ ಇರೋ ಬ್ರೆಡ್ಡನ್ನು ಹಾಲಿನ ಕಾಫಿಗೆ ಅದ್ದೋದಾ ಅಂತ ನಿನಗೆ ಅನಿಸಬಹುದು. ನನಗೂ ಅನಿಸಿತ್ತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು, ಉಪ್ಪಿರುವ ಮೇಲ್ಮೈ ನಾಲಿಗೆಗೆ ತಾಗುವ ಹಾಗೆ ತಿರುಗಿಸಿ ಹಿಡಿಯಬೇಕು ಅಂತ ಕೈಸನ್ನೆಯಲ್ಲೇ ತೋರಿಸಿಕೊಟ್ಟರು. ಹಾಗೇ ಮಾಡಿದೆ. ಮೊದಲು ಉಪ್ಪು, ಹಿಂದೆಯೇ ಕಾಫಿಯ ಸಿಹಿ. ನಾವು ಚಕ್ಕುಲಿ ಕಚ್ಚಿ ಕಾಫಿ ಕುಡಿಯೋದಿಲ್ವಾ, ಅದೇ ಲೆಕ್ಕ.

ಆಮೇಲೆ ಜಿನೋವಾದ ಬ್ರಿನ್ಯೋಲೆ ಸ್ಟೇಷನ್ನಿನಿಂದ ಕಮೋಲಿ ಅನ್ನೋ ಪುಟ್ಟ ಕಡಲೂರಿಗೆ ಪ್ಯಾಸೆಂಜರ್ ರೈಲು. ಮುಕ್ಕಾಲು ಗಂಟೆಯೂ ಆಗೋದಿಲ್ಲ. ಬಲಗಡೆ ಕಿಟಕಿಗೆ ಕೂರಬೇಕು. ಒಂದು ಸುರಂಗ, ಸಮುದ್ರ, ಇನ್ನೊಂದು ಸುರಂಗ, ಮತ್ತೆ ಸಮುದ್ರ. ಪ್ರತಿ ಸಲ ಕತ್ತಲಿಂದ ಈಚೆ ಬಂದಾಗಲೂ ನೀರಿನ ಬಣ್ಣ ಬೇರೆ ಇರುತ್ತೆ. ಕಮೋಲಿಗಿಂತ ಒಂದು ಸ್ಟೇಷನ್ ಮುಂಚೆ ರೆಕ್ಕೊ ಅನ್ನೋ ಊರು ಬಂತು. ರೈಲು ಅಲ್ಲಿ ಊರಿನ ತಲೆಯ ಮೇಲೇ ಹಾದುಹೋಗುವ ಎತ್ತರದ ಸೇತುವೆ ದಾಟುತ್ತದೆ. ಆ ರೈಲು ಸೇತುವೆಯೇ ಊರಿಗೆ ಮುಳುವಾಯಿತು. ಎರಡನೇ ಮಹಾಯುದ್ಧದಲ್ಲಿ, 1943-44ರಲ್ಲಿ, ಸೇತುವೆ ಉರುಳಿಸಲು ವಿಮಾನಗಳು ಮತ್ತೆ ಮತ್ತೆ ಬಾಂಬು ಹಾಕಿದವು. ಊರು ಹೆಚ್ಚುಕಮ್ಮಿ ಪೂರ್ತಿ ನೆಲಸಮವಾಯಿತು. ಈಗ ಕಾಣುವ ರೆಕ್ಕೊ ಯುದ್ಧದ ನಂತರ ಕಟ್ಟಿದ್ದು. ಕಟ್ಟಡ ಹೋದರೂ ಅವರ ಒಂದು ತಿಂಡಿ ಉಳಿಯಿತು. ಅದನ್ನು ಸಂಜೆಗೆ ಹೇಳುತ್ತೇನೆ.

ಕಮೋಲಿ ಸ್ಟೇಷನ್ನಿನಲ್ಲಿಳಿದು ಮೆಟ್ಟಿಲು ಇಳಿಯುತ್ತಾ ಹೋದರೆ ಸಮುದ್ರದ ದಂಡೆ. ತಿರುಗಿ ನೋಡಿದೆ. ಅಬ್ಬಾ! ಆರು, ಏಳು ಅಂತಸ್ತಿನ ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಅರಿಶಿನ, ಗೇರುಹಣ್ಣಿನ ಕೆಂಪು, ಇಟ್ಟಿಗೆ ಬಣ್ಣ, ತಿಳಿ ಗುಲಾಬಿ. ದೂರ ಸಮುದ್ರದಿಂದ ಬರುವ ಗಂಡಸರಿಗೆ ತಮ್ಮ ಮನೆ ಯಾವುದು ಅಂತ ಗುರುತು ಸಿಗಲಿ ಅಂತ ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದರು ಅಂತ ಹೇಳುತ್ತಾರೆ. ಹತ್ತಿರ ಹೋದಾಗ ಇನ್ನೊಂದು ಕಂಡಿತು. ಅರ್ಧ ಕಿಟಕಿಗಳು ಬರೀ ಚಿತ್ರ! ಚೌಕಟ್ಟು, ಹಸಿರು ಬಾಗಿಲು, ಅದರ ಕೆಳಗೆ ಬೀಳುವ ನೆರಳು ಕೂಡ ಬಣ್ಣದಲ್ಲೇ ಬರೆದದ್ದು. ಕಲ್ಲಿನಲ್ಲಿ ಕೆತ್ತಿಸಲು ದುಡ್ಡು ಬೇಕು, ಬರೆಯಲು ಒಬ್ಬ ಒಳ್ಳೆಯ ಕೈಯವನು ಸಾಕು. ಇವಳು ಒಂದು ಕಿಟಕಿ ನಿಜವೋ ಚಿತ್ರವೋ ಅಂತ ನೋಡುತ್ತಲೇ ನಿಂತಿದ್ದಳು. ಅಷ್ಟರಲ್ಲಿ ಅದೇ ಕಿಟಕಿ ತೆರೆದು ಒಬ್ಬಾಕೆ ಹಾಸಿಗೆ ಹೊದಿಕೆ ಕೊಡವಿದರು.

ಕಮೋಲಿ ಅನ್ನೋ ಹೆಸರಿಗೆ 'ಹೆಂಡತಿಯರ ಮನೆಗಳು' ಅಂತ ಜನ ಅರ್ಥ ಹೇಳುತ್ತಾರೆ. ಗಂಡಸರೆಲ್ಲ ಹಡಗಿನಲ್ಲಿ, ಊರಲ್ಲಿ ಉಳಿಯುತ್ತಿದ್ದವರು ಹೆಂಗಸರು. ಹತ್ತೊಂಬತ್ತನೇ ಶತಮಾನದಲ್ಲಿ ಈ ಪುಟ್ಟ ಊರಿನವರ ಹಾಯಿಹಡಗುಗಳು ಕಪ್ಪು ಸಮುದ್ರದಿಂದ ಗೋಧಿ ತರುತ್ತಿದ್ದವು. 'ಸಾವಿರ ಬಿಳಿ ಹಾಯಿಗಳ ಊರು' ಅಂತಲೇ ಹೆಸರಾಗಿತ್ತು. 1853ರಲ್ಲಿ ಹಡಗಿನ ಮಾಲೀಕರೆಲ್ಲ ಸೇರಿ ತಮ್ಮದೇ ಒಂದು ವಿಮಾ ಸಂಘ ಕಟ್ಟಿಕೊಂಡರು. ಒಬ್ಬನ ಹಡಗು ಮುಳುಗಿದರೆ ಎಲ್ಲರೂ ಸೇರಿ ನಷ್ಟ ತುಂಬಿಕೊಡೋದು. ಉಗಿಹಡಗು ಬಂದ ಮೇಲೆ ಹಾಯಿಯ ಕಾಲ ಮುಗಿಯಿತು.

ಇನ್ನೊಂದು ಕಥೆ ನಿನಗೆ ಹೇಳಲೇಬೇಕು, ಇದು ನಡೆದದ್ದು. 1892ರಲ್ಲಿ 'ಇಟಾಲಿಯ' ಅನ್ನೋ ಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕೂನ್ಯಾ ದ್ವೀಪದ ಹತ್ತಿರ ಒಡೆಯಿತು. ಪ್ರಪಂಚದಲ್ಲಿ ಜನ ಇರುವ ಜಾಗಗಳಲ್ಲೇ ಎಲ್ಲಕ್ಕಿಂತ ಒಂಟಿ ದ್ವೀಪ ಅದು. ಬದುಕಿ ದಡ ಸೇರಿದವರಲ್ಲಿ ಕಮೋಲಿಯ ಇಬ್ಬರು, ರೆಪೆತ್ತೊ ಮತ್ತು ಲವರೆಲ್ಲೊ, ಅಲ್ಲೇ ಮದುವೆಯಾಗಿ ಉಳಿದುಬಿಟ್ಟರು. ಇವತ್ತಿಗೂ ಆ ದ್ವೀಪದಲ್ಲಿರುವ ಇನ್ನೂರ ಚಿಲ್ಲರೆ ಜನರಲ್ಲಿ ಆ ಎರಡು ಮನೆತನದ ಹೆಸರುಗಳಿವೆ. ಅಷ್ಟು ದೂರ ಹೋಗಿ ಬೇರು ಬಿಡೋದು ಅಂದರೇನು ಅಂತ ದಂಡೆಯ ಮೇಲೆ ಕೂತು ತುಂಬ ಹೊತ್ತು ಯೋಚಿಸಿದೆ. ಹದಿಮೂರು ವರ್ಷದಿಂದ ಊರು ಬಿಟ್ಟಿರೋ ನನಗೆ ಅದು ಬರೀ ಕಥೆಯಾಗಿ ಕೇಳಿಸಲಿಲ್ಲ ಕಣೋ.

ಹತ್ತು ಗಂಟೆಗೆ ದೋಣಿ ಹತ್ತಿದೆವು. ಸಾನ್ ಫ್ರುತ್ತುವೋಸೊ ಅನ್ನೋ ಜಾಗಕ್ಕೆ ಅರ್ಧ ಗಂಟೆ. ಅಲ್ಲಿಗೆ ರಸ್ತೆ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲಾ ಬೆಟ್ಟ ಹತ್ತಿ ಇಳಿದು ನಡೆದುಹೋಗಬೇಕು. ಪುಂತಾ ಕಿಯಾಪ್ಪ ಅನ್ನೋ ಭೂಶಿರದ ಕಡೆ ದೋಣಿ ಹೋಗುವಾಗ ನೀರಿನ ಮೇಲೆ ಸಾಲಾಗಿ ತೇಲುಬುಂಡೆಗಳು ಕಂಡವು. ದೊಡ್ಡ ದೋಣಿಯೊಂದು ಅಲ್ಲೇ ನಿಂತಿತ್ತು. ಅದೇನು ಅಂತ ದೋಣಿಯ ಹುಡುಗನನ್ನು ಕೇಳಿದೆ. "ತೊನ್ನಾರೆಲ್ಲಾ" ಅಂದ. ಒಂದೇ ಕಡೆ ನೆಟ್ಟಿರುವ ದೊಡ್ಡ ಬಲೆ. ಮೀನು ತಾನಾಗಿ ದಾರಿ ತಪ್ಪಿ ಒಳಗೆ ಬರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಲೆ ನೀರಿನಲ್ಲೇ ಇರುತ್ತದೆ. ದಿನಕ್ಕೆ ಮೂರು ಸಲ ಕೈಯಿಂದಲೇ ಎತ್ತುತ್ತಾರೆ. ನಾನೂರು ವರ್ಷದಷ್ಟು ಹಳೆಯ ಪದ್ಧತಿ. ಇಟಲಿಯಲ್ಲಿ ಇಂಥವು ಈಗ ಬೆರಳೆಣಿಕೆಯಷ್ಟು ಉಳಿದಿವೆ.

"ಬಲೆ ಯಾತರದ್ದು?" ಅಂತ ಸುಮ್ನೆ ಕೇಳಿದೆ.

"ತೆಂಗಿನ ನಾರು" ಅಂದ ಹುಡುಗ.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ ಕೇಳಿದೆ. ಹೌದು, ತೆಂಗಿನ ನಾರೇ. ಇಡೀ ದೇಶದಲ್ಲಿ ತೆಂಗಿನ ತೋಟ ಇಲ್ಲದ ಕಡೆ, ಕಡಲಾಚೆಯಿಂದ ನಾರು ತರಿಸಿಕೊಂಡು, ಮೀನುಗಾರರು ವರ್ಷ ವರ್ಷ ಕೈಯಲ್ಲೇ ಹೊಸ ಬಲೆ ಹೆಣೆಯುತ್ತಾರೆ. ಆ ಕ್ಷಣ ನನ್ನ ಕಣ್ಣ ಮುಂದೆ ಬಂದವರು ನಿಮ್ಮ ತಾತ. ಕೆರೆಯಲ್ಲಿ ಮಟ್ಟೆ ನೆನೆಹಾಕಿ, ಜಗುಲಿಯ ಮೇಲೆ ಕೊಡತಿಯಲ್ಲಿ ಬಡಿದು, ನಾರು ಬಿಡಿಸಿ, ತೊಡೆಯ ಮೇಲೆ ಹುರಿ ಹೊಸೆಯುತ್ತಿದ್ದರಲ್ಲ. ನಾವಿಬ್ಬರೂ ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ತಿರುವಬೇಕಿತ್ತು. ಕೈ ಉರಿಯುತ್ತಿತ್ತು. ಸಡಿಲ ಬಿಟ್ಟರೆ ಬೈಗುಳ. ಈ ಕಾಗದ ಬರೆಯಲು ಕೂತದ್ದೇ ಆ ಬಲೆಗಾಗಿ.

ಸಾನ್ ಫ್ರುತ್ತುವೋಸೊ ಚೆನ್ನಾಗಿದೆ, ಆದರೆ ಜನ ಜಾಸ್ತಿ. ಬೆಟ್ಟದ ಮಡಿಲಲ್ಲಿ, ನೀರಿನ ಅಂಚಿಗೇ ಕಮಾನು ಕಮಾನಾಗಿ ಒಂದು ಹಳೆಯ ಕ್ರೈಸ್ತ ಮಠ. ಜಿನೋವಾದ ದೋರಿಯಾ ಮನೆತನದವರ ಗೋರಿಗಳು ಅಲ್ಲಿವೆ. ಬಿಳಿ ಅಮೃತಶಿಲೆ, ಬೂದು ಕಲ್ಲು ಒಂದರ ಮೇಲೊಂದು ಪಟ್ಟಿ ಹಾಕಿದ ಹಾಗೆ. 1915ರ ಪ್ರವಾಹದಲ್ಲಿ ಬೆಟ್ಟದಿಂದ ಇಳಿದ ಕಲ್ಲುಮಣ್ಣು ಚರ್ಚಿನ ಒಂದು ಭಾಗವನ್ನೇ ಕೆಡವಿತು. ಈಗ ಜನ ಮೈ ಒಡ್ಡಿ ಮಲಗುವ ದಂಡೆ ಆಗ ಬಂದು ಬಿದ್ದ ಕಲ್ಲಿನಿಂದಲೇ ಆದದ್ದು. 1983ರಲ್ಲಿ ಆ ಮನೆತನದವರು ಇಡೀ ಜಾಗವನ್ನು ಪರಂಪರೆ ಕಾಪಾಡುವ ಒಂದು ಸಂಸ್ಥೆಗೆ ದಾನ ಕೊಟ್ಟರು.

ಅಲ್ಲಿ ನೀರಿನೊಳಗೆ, 17 ಮೀಟರ್ ಆಳದಲ್ಲಿ, ಎರಡೂ ಕೈ ಮೇಲಕ್ಕೆ ಚಾಚಿ ನಿಂತ ಏಸುವಿನ ಕಂಚಿನ ವಿಗ್ರಹ ಇದೆ. 1954ರ ಆಗಸ್ಟ್‌ನಲ್ಲಿ ಇಳಿಸಿದ್ದು. ಗುಯಿದೊ ಗಲ್ಲೆತ್ತಿ ಅನ್ನೋ ಶಿಲ್ಪಿ ಮಾಡಿದ್ದು. ನಾವಿಕರ ಪದಕಗಳು, ಹಡಗಿನ ಗಂಟೆಗಳು ಇಂಥವನ್ನೆಲ್ಲ ಕರಗಿಸಿ ಎರಕ ಹುಯ್ದರು. ಸಮುದ್ರದಲ್ಲಿ ಸತ್ತವರ ನೆನಪಿಗೆ ಅದು. ಮುಳುಗಿ ನೋಡಲಾಗದವರಿಗೆ ಚರ್ಚಿನೊಳಗೆ ಅದರದೇ ಪ್ರತಿ ಇಟ್ಟಿದ್ದಾರೆ. ನಾನು ಅದನ್ನೇ ನೋಡಿದೆ. ಮೇಲೆತ್ತಿದ ಆ ಅಂಗೈಗಳ ಮುಂದೆ ಒಂದು ಮುದುಕಿ ಮೇಣದ ಬತ್ತಿ ಹಚ್ಚಿ ತುಂಬ ಹೊತ್ತು ನಿಂತಿದ್ದರು. ಅವರ ಮನೆಯಿಂದ ಯಾರಾದರೂ ಕಡಲಿಗೆ ಹೋಗಿದ್ದರೋ ಏನೋ. ನಾವು ಸದ್ದಿಲ್ಲದೆ ಹೊರಗೆ ಬಂದೆವು.

ಒಂದೂವರೆಗೆ ಮತ್ತೆ ಕಮೋಲಿ. ಹಸಿವು ಜೋರಾಗಿತ್ತು. ಬಂದರಿನಿಂದ ಎರಡು ಮೆಟ್ಟಿಲು ಮೇಲೆ ಒಂದು ಸಣ್ಣ ಊಟದ ಮನೆ. ನಾಲ್ಕೇ ಮೇಜು. ನಡೆಸುವವರು ಅರವತ್ತು ದಾಟಿದ ತಾಯಿ, ಬಡಿಸುವವನು ಮಗ. ತ್ರೋಫಿಯೆ ಮತ್ತು ಪೆಸ್ಟೊ ಹೇಳಿದೆವು. ತ್ರೋಫಿಯೆ ಈ ಸುತ್ತಿನದೇ ಪಾಸ್ತಾ. ಹೇಗೆ ಮಾಡೋದು ಅಂತ ಇವಳು ಕೇಳಿದ್ದೇ ತಡ, ಆ ತಾಯಿ ಒಳಗಿಂದ ಒಂದು ಮುಷ್ಟಿ ಹಿಟ್ಟು ಹಿಡಿದು ಬಂದರು. ಕಡಲೆಕಾಳಿನಷ್ಟು ಚಿವುಟಿ, ಹಲಗೆಯ ಮೇಲಿಟ್ಟು, ಅಂಗೈ ಅಂಚಿನಿಂದ ಓರೆಯಾಗಿ ಒಂದು ಸಲ ಎಳೆದರು. ಎರಡೂ ತುದಿ ಚೂಪಾಗಿ, ಮಧ್ಯ ಹುರಿ ಸುತ್ತಿಕೊಂಡು ಬಿತ್ತು. ಇವಳೂ ಕೈ ಹಾಕಿದಳು. ಮೂರನೆಯದಕ್ಕೇ ಸರಿಯಾಗಿ ಬಂತು. ದಿನಾ ಸಂಜೆ ದೇವರ ದೀಪಕ್ಕೆ ಬತ್ತಿ ಹೊಸೆಯುವ ಕೈ ಅಲ್ವಾ! ಆ ತಾಯಿ ಇವಳ ಕೈ ಹಿಡಿದು ತಿರುಗಿಸಿ ನೋಡಿ ಏನೋ ಹೇಳಿದರು. ಮಗ ಅನುವಾದ ಮಾಡಿದ: "ನೀವು ಇದನ್ನು ಮೊದಲೇ ಕಲಿತಿದ್ದೀರಿ ಅಂತಿದ್ದಾರೆ."

ಪೆಸ್ಟೊ ಅಂದರೆ ಹಸಿರು ಚಟ್ನಿ. ಕುಟ್ಟಿದ್ದು ಅನ್ನೋದೇ ಆ ಮಾತಿನ ಅರ್ಥ. ಜಿನೋವಾದ ಪಕ್ಕದ ಪ್ರಾ ಅನ್ನೋ ಕಡೆ ಬೆಳೆಯುವ ಬೇಸಿಲ್ ಸೊಪ್ಪೇ ಆಗಬೇಕು ಅಂತಾರೆ. ಗಿಡ ಇನ್ನೂ ಎಳಸಾಗಿರುವಾಗಲೇ, ಎಲೆ ಹೆಬ್ಬೆರಳಿನ ಉಗುರಿನಷ್ಟಿರುವಾಗಲೇ ಕೀಳುತ್ತಾರೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯೇ ಕಣೋ. ಬೇಸಿಗೆಯಲ್ಲಿ ಅದರ ಬೀಜ ನೆನೆಸಿ ಪಾನಕಕ್ಕೆ ಹಾಕುತ್ತಿದ್ದೆವಲ್ಲ, ಅದೇ ಗಿಡದ ಜಾತಿ. ಎಲೆಯನ್ನೂ ಹೀಗೆ ತಿನ್ನಬಹುದು ಅಂತ ನಮಗೆ ಯಾರೂ ಹೇಳಲಿಲ್ಲ. ಅಮೃತಶಿಲೆಯ ಒರಳು, ಮರದ ಗುಂಡು. ಮೊದಲು ಬೆಳ್ಳುಳ್ಳಿ, ಪೈನ್ ಮರದ ಬೀಜ, ಆಮೇಲೆ ಹರಳುಪ್ಪಿನ ಜೊತೆ ಎಲೆ, ಆಮೇಲೆ ಎರಡು ಥರದ ತುರಿದ ಗಟ್ಟಿ ಚೀಸ್, ಕೊನೆಗೆ ಆಲಿವ್ ಎಣ್ಣೆ. ಗುಂಡನ್ನು ಜೋರಾಗಿ ಕುಟ್ಟಬಾರದು, ಒರಳಿನ ಗೋಡೆಗೆ ಒತ್ತಿ ತಿರುವಬೇಕು. ಮಿಕ್ಸಿಗೆ ಹಾಕಿದರೆ ಬಿಸಿಯಾಗಿ ಎಲೆ ಕಪ್ಪಗಾಗುತ್ತೆ. ಒರಳಿನಲ್ಲಿ ಅರೆದ ಕಾಯಿಚಟ್ನಿಗೂ ಮಿಕ್ಸಿ ಚಟ್ನಿಗೂ ಇರುವ ವ್ಯತ್ಯಾಸ ನಿನಗೆ ಬೇರೆ ಹೇಳಬೇಕಾ? ಪಾಸ್ತಾ ಬೇಯುವ ನೀರಿಗೇ ಆಲೂಗಡ್ಡೆ ಹೋಳು, ಹುರುಳಿಕಾಯಿ ಹಾಕಿ ಒಟ್ಟಿಗೆ ಬೇಯಿಸುತ್ತಾರೆ. ಬಿಸಿ ಪಾಸ್ತಾದ ಮೇಲೆ ಹಸಿ ಚಟ್ನಿ ಬಿದ್ದಾಗ ಎದ್ದ ಘಮ ಇದೆಯಲ್ಲ, ಅದನ್ನು ಕಾಗದದಲ್ಲಿ ಕಳಿಸೋಕಾಗೋದಿಲ್ಲ. ಇವಳು ಸಸ್ಯಾಹಾರಿ, ನನಗೆ ಮಾತ್ರ ಒಂದು ತಟ್ಟೆ ಬೆರಳುದ್ದದ ಅಂಚೊವಿ ಮೀನು ಕರಿದು ಕೊಟ್ಟರು. ನಿಂಬೆ ಹಿಂಡಿ ತಲೆಯ ಸಮೇತ ತಿಂದೆ.

ಊಟವಾದ ಮೇಲೆ ಊರೇ ಮಲಗಿತು. ಅಂಗಡಿ ಬಾಗಿಲೆಲ್ಲ ಮುಚ್ಚಿದವು. ನಾವು ನಿಧಾನಕ್ಕೆ ನಡೆದು ಊರ ಮೇಲುಗಡೆ ಇರುವ ಬೊಸ್ಕೆತ್ತೊ ಅನ್ನೋ ಚರ್ಚಿಗೆ ಹೋದೆವು. ಒಳಗೆ ತಂಪು. ಗೋಡೆಯ ತುಂಬ ಹರಕೆಯ ಚಿತ್ರಗಳು. ಬಿರುಗಾಳಿಗೆ ಸಿಕ್ಕ ಹಡಗು, ಮುರಿದ ಪಟ, ಗುಡ್ಡದಂಥ ಅಲೆ, ಮೂಲೆಯಲ್ಲಿ ಮೋಡದೊಳಗೆ ಮರಿಯಮ್ಮ. ಬದುಕಿ ಬಂದವರು ಚಿತ್ರ ಬರೆಸಿ ಒಪ್ಪಿಸಿದ್ದು. ಒಂದು ಚಿತ್ರದಲ್ಲಿ ಹಡಗಿನ ಮೇಲಿನ ಮನುಷ್ಯರು ಇರುವೆಯಷ್ಟು ಸಣ್ಣಗೆ, ಆದರೆ ಪ್ರತಿಯೊಬ್ಬನ ಕೈಯೂ ಹಗ್ಗ ಹಿಡಿದಿತ್ತು. ನಮ್ಮ ದೇವಸ್ಥಾನಗಳಲ್ಲಿ ಹರಕೆಗೆ ಬೆಳ್ಳಿಯ ಕಣ್ಣು, ಕಾಲು ಹಾಕುತ್ತಾರಲ್ಲ, ಅದರ ಮುಂದೆ ನಿಂತಾಗ ಆಗುವ ಹಾಗೇ ಆಯಿತು. ಆಗಸ್ಟ್ ತಿಂಗಳ ಮೊದಲ ಭಾನುವಾರ ಈ ಊರಿನವರು ಸಾವಿರಾರು ಸಣ್ಣ ದೀಪಗಳನ್ನು ಸಮುದ್ರದ ಮೇಲೆ ತೇಲಿಬಿಡುತ್ತಾರಂತೆ. ಅದನ್ನು ನೋಡಲು ಇನ್ನೊಂದು ಸಲ ಬರಬೇಕು ಅಂತ ಇವಳು ಆಗಲೇ ತೀರ್ಮಾನ ಮಾಡಿದ್ದಾಳೆ.

ಐದು ಗಂಟೆ ಸುಮಾರಿಗೆ ಬಂದರಿಗೆ ಇಳಿದೆವು. ದಕ್ಕೆಯ ಕಲ್ಲಿನ ಮೇಲೆ ಕಂದು ಬಣ್ಣದ ಒಂದು ರಾಶಿ. ದೂರದಿಂದಲೇ ಗುರುತು ಸಿಕ್ಕಿತು. ನಾರು! ಸುತ್ತಿಟ್ಟ ಹುರಿ, ಅರ್ಧ ಹೆಣೆದ ತುಂಡು. ಪಕ್ಕದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಒಬ್ಬ ವಯಸ್ಸಾದ ಮೀನುಗಾರರು ಹರಿದಿದ್ದನ್ನು ಸರಿಮಾಡುತ್ತಾ ಕೂತಿದ್ದರು. ಕೇಳಿ, ಮುಟ್ಟಿ ನೋಡಿದೆ. ಅದೇ ಒರಟು. ಅಂಗೈಗೆ ಚುಚ್ಚುವ ಅದೇ ಸಣ್ಣ ಕೂದಲು. ಒದ್ದೆ ಕಡೆ ಕಪ್ಪು, ಒಣಗಿದ ಕಡೆ ಹೊಂಬಣ್ಣ. ಮೂಸಿದೆ. ಉಪ್ಪು, ಪಾಚಿಯ ವಾಸನೆಯ ಒಳಗೆ ಎಲ್ಲೋ ನಿಮ್ಮ ಹಿತ್ತಲಿನ ಮಟ್ಟೆ ಗುಡ್ಡೆಯ ವಾಸನೆ ಇತ್ತು.

ನನ್ನ ಇಟಾಲಿಯನ್ ಈಗ ಸುಮಾರಾಗಿ ಓಡುತ್ತೆ. ನೈಲಾನ್ ಗಟ್ಟಿ ಅಲ್ವಾ, ನಾರೇ ಯಾಕೆ ಅಂತ ಕೇಳಿದೆ. ಅವರು ಕೆಲಸ ನಿಲ್ಲಿಸಿ ಹೇಳಿದರು. ನಾರಿನ ಮೇಲೆ ಪಾಚಿ ಕಟ್ಟುತ್ತದೆ. ಪಾಚಿಗೆ ಸಣ್ಣ ಮೀನು ಬರುತ್ತೆ, ಅದರ ಹಿಂದೆ ದೊಡ್ಡದು. ಋತು ಮುಗಿದ ಮೇಲೆ ಹಳೆಯ ಬಲೆಯನ್ನು ಕೊಯ್ದು ಅಲ್ಲೇ ಬಿಟ್ಟುಬಿಡುತ್ತಾರೆ. ತಳಕ್ಕೆ ಇಳಿದು, ಕೊಳೆತು, ಸಮುದ್ರದ ಜೀವಗಳಿಗೇ ಆಹಾರ ಆಗುತ್ತೆ. ಮುಂದಿನ ವರ್ಷಕ್ಕೆ ಮತ್ತೆ ಹೊಸದು ಹೆಣೆಯಬೇಕು. ಅದೇ ಕೆಲಸ ಪ್ರತಿ ವರ್ಷ ಮಾಡೋದು ಬೇಜಾರಲ್ವಾ ಅಂದೆ. ತಲೆ ಅಲ್ಲಾಡಿಸಿದರು. ಹೆಣೆಯೋದು ನಿಂತರೆ ಹುಡುಗರಿಗೆ ಗಂಟು ಹಾಕೋದು ಮರೆತುಹೋಗುತ್ತೆ ಅಂದರು.

ನಮ್ಮೂರಿನಲ್ಲಿ ಈ ನಾರು ಬೆಳೆಯುತ್ತೆ, ನನ್ನ ಗೆಳೆಯನ ತಾತ ಇದನ್ನೇ ಹೊಸೆಯುತ್ತಿದ್ದರು ಅಂದೆ. ಅವರಿಗೆ ನಂಬಿಕೆ ಬರಲಿಲ್ಲವೋ ಏನೋ, ಒಂದು ಹಿಡಿ ಬಿಡಿ ನಾರು ಕೈಗೆ ಕೊಟ್ಟು "ಮಾಡು" ಅನ್ನೋ ಹಾಗೆ ನೋಡಿದರು. ಕಲ್ಲಿನ ಮೇಲೆ ಕೂತೆ. ಪ್ಯಾಂಟು ಮೊಣಕಾಲಿನ ಮೇಲಕ್ಕೆ ಮಡಚಿ, ನಾರನ್ನು ಎರಡು ಎಳೆ ಮಾಡಿ, ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಉಜ್ಜಿದೆ. ಎಳೆಗಳು ಬೇರೆ ಬೇರೆ ಹುರಿಯಾದವು. ಕೈ ಹಿಂದಕ್ಕೆ ಎಳೆದಾಗ ಒಂದಕ್ಕೊಂದು ಸುತ್ತಿಕೊಂಡವು. ಮೂವತ್ತು ವರ್ಷ ಆಗಿತ್ತಲ್ಲೋ! ಆದರೂ ಕೈಗೆ ಗೊತ್ತಿತ್ತು. ಒಂದು ಗೇಣು ಹೊಸೆದು ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದರು. ಗಂಟು ಹಾಕಿದರು, ಬಿಚ್ಚಿದರು. ಆಮೇಲೆ ನನ್ನ ಬೆನ್ನು ತಟ್ಟಿದರು. ನನ್ನ ಗಂಟಲು ಕಟ್ಟಿತು. ನಿಮ್ಮ ತಾತ ಒಂದು ದಿನವೂ ಬೆನ್ನು ತಟ್ಟಿದವರಲ್ಲ. ಆದರೆ ಕೈ ಕಲಿಸಿದವರು ಅವರೇ.

ಸಂಜೆಗೆ ಬೆಳಿಗ್ಗೆ ಹೇಳಿದ ಆ ರೆಕ್ಕೊ ತಿಂಡಿ. ಚೀಸ್ ಹಾಕಿದ ಫೊಕಾಚಾ. ರೆಕ್ಕೊ, ಕಮೋಲಿ ಮತ್ತು ಅಕ್ಕಪಕ್ಕದ ಎರಡು ಊರುಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. 2015ರಲ್ಲಿ ಯುರೋಪಿನ ಒಕ್ಕೂಟ ಹಾಗಂತ ಮುದ್ರೆ ಒತ್ತಿದೆ. ಬೆಳಗಿನ ಫೊಕಾಚಾಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಹುಳಿ ಬರಿಸೋದಿಲ್ಲ. ಮೈದಾ, ನೀರು, ಎಣ್ಣೆ, ಉಪ್ಪು ಕಲಸಿ ನಾದಿದ ಕಣಕ. ನಮ್ಮ ಹೋಳಿಗೆ ಕಣಕದ ಹಾಗೆ ಎಳೆದಷ್ಟೂ ಬರುತ್ತೆ. ಅಂಗಡಿಯವನು ಅದನ್ನು ಎರಡೂ ಮುಷ್ಟಿಯ ಬೆನ್ನ ಮೇಲೆ ಹಾಕಿಕೊಂಡು, ತಿರುಗಿಸುತ್ತಾ, ಎಳೆಯುತ್ತಾ ಹೋದ. ಒಂದು ಹಂತದಲ್ಲಿ ಹಾಳೆಯ ಆಚೆ ಅವನ ಬೆರಳ ಗೆಣ್ಣು, ಮದುವೆ ಉಂಗುರ ಎಲ್ಲ ಕಾಣಿಸಿದವು. ಎಲ್ಲೂ ಹರಿಯಲಿಲ್ಲ. ತಟ್ಟೆಗೆ ಹಾಸಿ, ಬೆಣ್ಣೆಯಂಥ ಹಸಿ ಚೀಸನ್ನು ನಿಂಬೆ ಗಾತ್ರದ ಉಂಡೆ ಉಂಡೆಯಾಗಿ ಇಟ್ಟ. ಮೇಲೆ ಇನ್ನೊಂದು ಹಾಳೆ, ಇನ್ನೂ ತೆಳು. ಅಂಚು ಒತ್ತಿ, ಅಲ್ಲಲ್ಲಿ ಚಿವುಟಿ ತೂತು ಮಾಡಿದ. ಹಬೆ ಹೋಗಬೇಕಲ್ಲ. ಸುಡುವ ಒಲೆಯಲ್ಲಿ ಕೆಲವೇ ನಿಮಿಷ. ಹೊರಗೆ ಬಂದಾಗ ಮೇಲೆಲ್ಲ ಕಂದು ಬೊಬ್ಬೆ, ತೂತಿನಿಂದ ಚೀಸ್ ಕೊತಕೊತ ಉಕ್ಕುತ್ತಿತ್ತು.

ಕಾಗದದ ಪೊಟ್ಟಣ ಹಿಡಿದು ದಂಡೆಗೆ ಹೋದೆವು. ಅಲ್ಲಿ ಮರಳಿಲ್ಲ, ನುಣ್ಣನೆ ಬೆಣಚು ಕಲ್ಲುಗಳು. ಪ್ರತಿ ಅಲೆ ಹಿಂದಕ್ಕೆ ಹೋಗುವಾಗ ಮೊರದಲ್ಲಿ ಕಾಳು ಕೇರಿದ ಸದ್ದು. ಕಮೋಲಿ ಪಡುವಣಕ್ಕೆ ಮುಖ ಮಾಡಿದೆ. ಹಾಗಾಗಿ ನಮ್ಮ ಕರಾವಳಿಯ ಹಾಗೇ ಸೂರ್ಯ ಸಮುದ್ರದ ಕಡೆಗೇ ಇಳಿಯುತ್ತಾನೆ. ಜೂನ್ ಆದ್ದರಿಂದ ಅವನು ಮುಳುಗುವಾಗ ರಾತ್ರಿ ಒಂಬತ್ತು ದಾಟಿತ್ತು. ಹತ್ತನೇ ತರಗತಿ ಪ್ರವಾಸದಲ್ಲಿ ಮುರುಡೇಶ್ವರದಲ್ಲಿ ನಾವಿಬ್ಬರೂ ಮೊದಲ ಸಲ ಸಮುದ್ರ ನೋಡಿದ ಸಂಜೆಯ ಬಣ್ಣವೇ ಬಂದಿತ್ತು. ಬಣ್ಣದ ಮನೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಬರೆದ ಕಿಟಕಿ ಯಾವುದು, ನಿಜದ್ದು ಯಾವುದು ಅಂತ ದೀಪ ಹತ್ತಿದ ಮೇಲಷ್ಟೇ ಗೊತ್ತಾಯಿತು.

ಹತ್ತು ಗಂಟೆಯ ರೈಲಿಗೆ ಜಿನೋವಾಕ್ಕೆ ವಾಪಸ್. ಇವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನ್ನ ಜೇಬಿನಲ್ಲಿ ಒಂದು ಗೇಣು ಹಗ್ಗ ಇತ್ತು. ನಾನು ಹೊಸೆದದ್ದಲ್ಲ, ಅದನ್ನು ಅವರೇ ಇಟ್ಟುಕೊಂಡರು. ಬದಲಿಗೆ ಕಮೋಲಿಯ ಬಲೆಯಿಂದ ಕತ್ತರಿಸಿ ಕೊಟ್ಟ ತುಂಡು ಇದು. ಅದನ್ನೇ ಈ ಕಾಗದದ ಜೊತೆ ನಿನಗೆ ಕಳಿಸುತ್ತಿದ್ದೇನೆ. ನಿಮ್ಮ ಅಟ್ಟದ ಮೇಲೆ ತಾತನ ಕಾಲದ ಬಾವಿ ಹಗ್ಗ ಇನ್ನೂ ಇದ್ದರೆ ಕೆಳಗಿಳಿಸು. ಎರಡನ್ನೂ ಪಕ್ಕಪಕ್ಕ ಇಟ್ಟು, ಹುರಿ ಒಂದೇ ಕಡೆ ತಿರುಗಿದೆಯೋ ಬೇರೆ ಬೇರೆ ಕಡೆಗೋ ನೋಡಿ ನನಗೆ ಬರಿ.

ನಿನ್ನ ಗೆಳೆಯ